ಅಪರಿಚಿತರ ಸಾಕ್ಷ್ಯ

ವಿದ್ಯಾವ್ಯಾಸಂಗದಲ್ಲಿ ಒಂದು ಬಗೆಯ ಕೆಲಸವುಂಟು. ಅದರ ಒಂದು ತುಣುಕನ್ನು ಶಾಲೆಯ ಹುಡುಗನೂ ಅರೆನಿಮಿಷದಲ್ಲಿ ಮಾಡಿ ಮುಗಿಸಬಲ್ಲನು; ಆದರೆ ಅಂಥ ತುಣುಕುಗಳು ಹತ್ತು ಲಕ್ಷ ಸೇರಿದಾಗ ಆ ರಾಶಿಯ ಮುಂದೆ ಪಂಡಿತನ ಆಯುಷ್ಯವೂ ಸಾಲದು, ಯಂತ್ರದ ಚಾತುರ್ಯವೂ ಸಾಲದು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ತರುಣ ಖಗೋಳಶಾಸ್ತ್ರಜ್ಞ ಕೆವಿನ್ ಶವಿನ್ಸ್ಕಿಯವರಿಗೆ 2007ರಲ್ಲಿ ಎದುರಾದದ್ದು ಇಂಥದೇ ರಾಶಿ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶಸಮೀಕ್ಷೆಯು ಸಂಗ್ರಹಿಸಿದ್ದ ಸುಮಾರು 9 ಲಕ್ಷ ಗ್ಯಾಲಕ್ಸಿಗಳ ಚಿತ್ರಗಳಲ್ಲಿ ಪ್ರತಿಯೊಂದನ್ನೂ ನೋಡಿ, ಅದು ಸುರುಳಿಯಾಕಾರದ್ದೋ ದೀರ್ಘವೃತ್ತಾಕಾರದ್ದೋ ಎಂಬುದನ್ನು ನಿರ್ಣಯಿಸಬೇಕಾಗಿತ್ತು. ಒಂದು ವಾರ ಬೇರೆ ಯಾವ ಧ್ಯಾನವೂ ಇಲ್ಲದೆ ಕುಳಿತು ಅವರು 50,000 ಚಿತ್ರಗಳನ್ನು ವಿಂಗಡಿಸಿದರು. ಅಷ್ಟರಲ್ಲಿ ಕಣ್ಣು ಸೋತಿತು, ರಾಶಿ ಮಾತ್ರ ಕರಗಿದಂತೆ ಕಾಣಲಿಲ್ಲ. ಆಗ ಅವರೂ ಅವರ ಸಹೋದ್ಯೋಗಿ ಕ್ರಿಸ್ ಲಿಂಟಾಟ್ ಅವರೂ ಕೂಡಿ ಆಲೋಚಿಸಿ, ಆ ಚಿತ್ರಗಳನ್ನೆಲ್ಲ ಅಂತರ್ಜಾಲದಲ್ಲಿ ಲೋಕದ ಜನರ ಮುಂದೆ ಹರಡಿ, ಇಷ್ಟವಿದ್ದವರು ನೋಡಿ ಹೇಳಿರಿ ಎಂದು ಕೇಳಿಕೊಂಡರು. ಆ ವರ್ಷದ ಜುಲೈ ತಿಂಗಳಲ್ಲಿ ‘ಗ್ಯಾಲಕ್ಸಿ ಝೂ’ ಎಂಬ ಹೆಸರಿನಿಂದ ಆರಂಭವಾದ ಈ ಉದ್ಯಮಕ್ಕೆ ಒಂದು ದಿನ ಕಳೆಯುವುದರೊಳಗಾಗಿ ಗಂಟೆಗೆ 70,000ದಂತೆ ಉತ್ತರಗಳು ಬರತೊಡಗಿದುವು. ಮೊದಲ ವರ್ಷ ಮುಗಿಯುವ ವೇಳೆಗೆ ಒಂದೂವರೆ ಲಕ್ಷಕ್ಕೂ ಮಿಕ್ಕ ಜನ ಸೇರಿ 5 ಕೋಟಿ ನಿರ್ಣಯಗಳನ್ನು ಒಪ್ಪಿಸಿದ್ದರು.

ದೊಡ್ಡದೊಂದು ಕೆಲಸವನ್ನು ಸಣ್ಣ ಸಣ್ಣ ಪ್ರಶ್ನೆಗಳಾಗಿ ಸೀಳಿ, ಅವುಗಳನ್ನು ಮುಖಪರಿಚಯವಿಲ್ಲದ ಸಾವಿರಾರು ಜನರಿಗೆ ಹಂಚಿ, ಬಂದ ಉತ್ತರಗಳನ್ನು ಮತ್ತೆ ಒಂದುಗೂಡಿಸುವ ಈ ವಿಧಾನವನ್ನು ಈಗ ಎಲ್ಲರೂ ಕ್ರೌಡ್‌ಸೋರ್ಸಿಂಗ್ ಎಂದು ಕರೆಯುತ್ತಾರೆ. ಕಾಲೇಜಿನಲ್ಲಿ ಸಂಶೋಧನೆ ನಡೆಸುವವರೂ, ಭಾಷೆಯ ಯಂತ್ರಗಳನ್ನು ಕಟ್ಟುವ ಕಂಪೆನಿಗಳೂ, ಪಕ್ಷಿಗಳನ್ನು ಎಣಿಸುವ ಸಂಘಗಳೂ ಇದನ್ನು ಆಶ್ರಯಿಸಿರುವುದರಿಂದ, ಇದರ ಒಳಗಿನ ಯುಕ್ತಿಯೇನು, ಇದರ ಬಲ ಎಲ್ಲಿಯವರೆಗೆ, ಇದು ದಾರಿತಪ್ಪುವುದು ಎಲ್ಲಿ ಎಂಬುದನ್ನು ಸಾಮಾನ್ಯ ಓದುಗರೂ ತಿಳಿದಿರುವುದು ಯುಕ್ತ. ಜನ ಹೆಚ್ಚಾದಷ್ಟೂ ಸತ್ಯ ಹತ್ತಿರವಾಗುತ್ತದೆ ಎಂಬ ನಂಬಿಕೆ ಒಂದು ಕಡೆಯಲ್ಲಿದೆ. ದಾರಿಹೋಕರ ಮಾತನ್ನು ಕಟ್ಟಿಕೊಂಡು ಶಾಸ್ತ್ರ ಮಾಡಲಾದೀತೆ ಎಂಬ ತಿರಸ್ಕಾರ ಇನ್ನೊಂದು ಕಡೆಯಲ್ಲಿದೆ. ಎರಡೂ ಅರ್ಧಸತ್ಯಗಳೆಂದೂ, ಫಲದ ಗುಣಾವಗುಣಗಳು ಉತ್ತರ ಹೇಳುವವರಿಗಿಂತ ಹೆಚ್ಚಾಗಿ ಪ್ರಶ್ನೆ ಕೇಳುವವನನ್ನು ಅವಲಂಬಿಸಿರುತ್ತವೆಂದೂ ತೋರಿಸುವುದು ಈ ಬರಹದ ಉದ್ದೇಶ.

ಉಪಾಯವೇನೋ ಹೊಸದಲ್ಲ. 1715ರಲ್ಲಿ ಇಂಗ್ಲೆಂಡಿನ ಮೇಲೆ ಹಾದುಹೋಗಲಿದ್ದ ಸಂಪೂರ್ಣ ಸೂರ್ಯಗ್ರಹಣದ ನೆರಳಿನ ಪಥವನ್ನು ಎಡ್ಮಂಡ್ ಹ್ಯಾಲಿಯವರು ಮುಂಚಿತವಾಗಿಯೇ ನಕ್ಷೆಯಾಗಿ ಅಚ್ಚುಹಾಕಿಸಿ, ಕುತೂಹಲವುಳ್ಳವರೆಲ್ಲರೂ ತಮ್ಮ ತಮ್ಮ ಊರಿನಲ್ಲಿ ಕತ್ತಲೆ ಎಷ್ಟು ಹೊತ್ತು ನಿಂತಿತೆಂಬುದನ್ನು ಅಳೆದು ತಿಳಿಸಬೇಕೆಂದು ಪ್ರಾರ್ಥಿಸಿದ್ದರು. ಬಂದ ವರದಿಗಳಿಂದ ನೆರಳಿನ ಅಗಲವನ್ನೂ ವೇಗವನ್ನೂ ತಿದ್ದಿಕೊಂಡರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸಾಮಗ್ರಿ ಸಂಗ್ರಹವಾದದ್ದೂ ಹೀಗೆಯೇ. ಓದುವ ಹವ್ಯಾಸವುಳ್ಳ ಸಾಮಾನ್ಯ ಜನರು ಪುಸ್ತಕಗಳಿಂದ ಪದಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದು ಅಂಚೆಯ ಮೂಲಕ ಕಳುಹಿಸುತ್ತಿದ್ದರು. 1879ರಲ್ಲಿ ಸಂಪಾದಕತ್ವವನ್ನು ವಹಿಸಿಕೊಂಡ ಜೇಮ್ಸ್ ಮರ್ರೆಯವರು ಅದುವರೆಗೆ ಸೇರಿದ್ದ ಚೀಟಿಗಳನ್ನು ಬಿಚ್ಚಿ ನೋಡಿದಾಗ ಒಂದು ವಿಚಿತ್ರವನ್ನು ಕಂಡರು. ‘ಅಬ್ಯೂಷನ್’ ಎಂಬ ಅಪರೂಪದ ಶಬ್ದಕ್ಕೆ ಸುಮಾರು 50 ನಿದರ್ಶನಗಳು ಬಂದಿದ್ದುವು. ಎಲ್ಲರೂ ದಿನನಿತ್ಯ ಬಳಸುವ ‘ಅಬ್ಯೂಸ್’ ಶಬ್ದಕ್ಕೆ ಐದು ನಿದರ್ಶನಗಳೂ ಇರಲಿಲ್ಲ. ಓದುಗರಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ, ಯಾರೂ ಸುಳ್ಳು ಬರೆದಿರಲಿಲ್ಲ. ವಿಶೇಷವಾಗಿ ತೋರಿದ ಮಾತುಗಳನ್ನು ಗುರುತು ಮಾಡಿರಿ ಎಂದು ಅವರಿಗೆ ಮೊದಲು ಸೂಚನೆ ಹೋಗಿತ್ತು. ಅವರು ವಿಶೇಷವನ್ನೇ ಗುರುತು ಮಾಡಿ ಸಾಮಾನ್ಯವನ್ನು ಬಿಟ್ಟರು. ಮರ್ರೆಯವರು ಹೊಸದಾಗಿ ಹೊರಡಿಸಿದ ವಿಜ್ಞಾಪನೆಯಲ್ಲಿ ಸಾಮಾನ್ಯ ಪದಗಳ ಮೇಲೂ ಕಣ್ಣಿಡಬೇಕೆಂದು ಸ್ಪಷ್ಟವಾಗಿ ಹೇಳಬೇಕಾಯಿತು. 1928ರಲ್ಲಿ ಪೂರ್ಣಗೊಂಡ ಆ ಮಹಾಕಾರ್ಯದ ಬುಡದಲ್ಲಿ ಅಡಗಿರುವ ಈ ಪುಟ್ಟ ಪಾಠವು ಇಂದಿನ ಕಂಪ್ಯೂಟರ್ ಯುಗಕ್ಕೂ ಯಥಾವತ್ತಾಗಿ ಅನ್ವಯಿಸುತ್ತದೆ.

ಹೊಸದಾಗಿ ಬಂದದ್ದು ವೇಗ ಮತ್ತು ಸಂತೆ. 2005ರ ನವೆಂಬರಿನಲ್ಲಿ ಅಮೆಜಾನ್ ಕಂಪೆನಿಯು ‘ಮೆಕ್ಯಾನಿಕಲ್ ಟರ್ಕ್’ ಎಂಬ ಕೆಲಸದ ಸಂತೆಯೊಂದನ್ನು ತೆರೆಯಿತು. ಆ ಹೆಸರಿನ ಹಿಂದೆ ಹದಿನೆಂಟನೆಯ ಶತಮಾನದ ಒಂದು ಪ್ರಸಿದ್ಧ ವಂಚನೆಯಿದೆ. ವಿಯೆನ್ನಾದ ರಾಣಿ ಮರಿಯಾ ಥೆರೇಸಾಳ ಆಸ್ಥಾನದಲ್ಲಿ ವುಲ್ಫ್‌ಗ್ಯಾಂಗ್ ಫಾನ್ ಕೆಂಪೆಲೆನ್ ಎಂಬಾತನು, ತುರುಕರ ವೇಷ ತೊಟ್ಟ ಒಂದು ಬೊಂಬೆ ತಾನಾಗಿಯೇ ಚದುರಂಗವಾಡುತ್ತದೆಂದು ತೋರಿಸಿ ದೊರೆಗಳನ್ನೂ ವಿದ್ವಾಂಸರನ್ನೂ ಬೆರಗುಗೊಳಿಸಿದನು. ಮುಂದೆ 1809ರಲ್ಲಿ ನೆಪೋಲಿಯನ್ನನೂ ಅದರೆದುರು ಕುಳಿತು ಆಡಿದನು. ನಿಜದಲ್ಲಿ ಮೇಜಿನ ಕೆಳಗಿನ ಪೆಟ್ಟಿಗೆಯೊಳಗೆ ಒಬ್ಬ ಮನುಷ್ಯ ಮುದುರಿಕೊಂಡು ಕುಳಿತು ಕಾಯಿ ನಡೆಸುತ್ತಿದ್ದನು. ಅಮೆಜಾನಿನ ಸಂತೆಯಲ್ಲಿಯೂ ಪರದೆಯ ಮೇಲಿನಿಂದ ನೋಡುವವರಿಗೆ ಕಂಪ್ಯೂಟರೇ ಉತ್ತರ ಕೊಡುತ್ತಿರುವಂತೆ ತೋರುತ್ತದೆ. ಒಳಗೆ ಎಲ್ಲಿಯೋ ಒಬ್ಬ ಮನುಷ್ಯನು ಒಂದೊಂದು ಉತ್ತರಕ್ಕೆ ಕೆಲವು ಸೆಂಟುಗಳಂತೆ ಸಂಬಳ ಪಡೆದು ಚಿತ್ರ ನೋಡುತ್ತಲೋ, ರಸೀದಿ ಓದುತ್ತಲೋ, ಪ್ರಶ್ನಾವಳಿ ತುಂಬುತ್ತಲೋ ಇರುತ್ತಾನೆ. ಆ ಮನುಷ್ಯನು ನಮ್ಮ ನೆರೆಮನೆಯವನೇ ಆಗಿದ್ದರೂ ಆಶ್ಚರ್ಯವಿರಲಿಲ್ಲ: 2010ರಲ್ಲಿ ಪ್ರಕಟವಾದ ಪಾನೋಸ್ ಇಪಿರೋಟಿಸ್ ಅವರ ಸಮೀಕ್ಷೆಯಲ್ಲಿ ಅಲ್ಲಿಯ ಕೆಲಸಗಾರರ ಪೈಕಿ ನೂರಕ್ಕೆ 34 ಮಂದಿ ಭಾರತದವರಾಗಿದ್ದರು.

ಈ ಸಂತೆಯಿಂದ ಹೊರಟ ಅತ್ಯಂತ ಮಹತ್ತ್ವದ ಸಂಗ್ರಹವೆಂದರೆ ಇಮೇಜ್‌ನೆಟ್. ಯಂತ್ರಗಳಿಗೆ ನೋಟವನ್ನು ಕಲಿಸಬೇಕಾದರೆ ಹೆಸರುಪಟ್ಟಿ ಅಂಟಿಸಿದ ಅಗಾಧವಾದ ಚಿತ್ರರಾಶಿ ಬೇಕೆಂದು ಮನಗಂಡ ಫೇಯ್‌ಫೇಯ್ ಲೀ ಎಂಬ ವಿದುಷಿಯು, ವಿದ್ಯಾರ್ಥಿಗಳಿಂದ ಆ ಕೆಲಸ ಮಾಡಿಸಿದರೆ ದಶಕಗಳೇ ಹಿಡಿಯುತ್ತವೆಂದು ಲೆಕ್ಕಹಾಕಿ, ಮೆಕ್ಯಾನಿಕಲ್ ಟರ್ಕಿನ ಕಡೆಗೆ ತಿರುಗಿದರು. 167 ದೇಶಗಳ ಸುಮಾರು 49,000 ಕೆಲಸಗಾರರ ನೆರವಿನಿಂದ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಚಿತ್ರಗಳು ವಿಂಗಡವಾದುವು. ಆ ರಾಶಿಯಿಂದ ಆಯ್ದ ಚಿತ್ರಗಳ ಮೇಲೆ ನಡೆದ 2012ರ ಸ್ಪರ್ಧೆಯಲ್ಲಿ ನರಜಾಲ ಮಾದರಿಯ ಒಂದು ಕಾರ್ಯಕ್ರಮವು, ಎರಡನೆಯ ಸ್ಥಾನದವರ ತಪ್ಪು ನೂರಕ್ಕೆ 26ರಷ್ಟಿದ್ದಲ್ಲಿ ತನ್ನ ತಪ್ಪನ್ನು 15ರ ಸುಮಾರಿಗೆ ಇಳಿಸಿತು. ಇಂದು ಕೃತಕ ಬುದ್ಧಿಮತ್ತೆಯೆಂದು ಲೋಕವೆಲ್ಲ ಕೊಂಡಾಡುತ್ತಿರುವ ಪ್ರವಾಹಕ್ಕೆ ಕಟ್ಟೆಯೊಡೆದದ್ದು ಆ ವರ್ಷ. ಯಂತ್ರದ ಕೀರ್ತಿಯ ತಳಹದಿಯಲ್ಲಿ ಹೆಸರಿಲ್ಲದ ಮನುಷ್ಯರ ಕಣ್ಣಿನ ದುಡಿಮೆಯಿದೆ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ನಮ್ಮ ನೈಯಾಯಿಕರು ಜ್ಞಾನಕ್ಕೆ ಸಾಧನಗಳೆಂದು ಎಣಿಸಿದ ನಾಲ್ಕು ಪ್ರಮಾಣಗಳಲ್ಲಿ ಶಬ್ದವೂ ಒಂದು. ಆದರೆ ಎಲ್ಲರ ಶಬ್ದವೂ ಪ್ರಮಾಣವಾಗದು, ಆಪ್ತನ ಶಬ್ದ ಮಾತ್ರ ಪ್ರಮಾಣ. ವಿಷಯವನ್ನು ಇದ್ದಂತೆ ತಿಳಿದಿರುವವನೂ, ತಿಳಿದದ್ದನ್ನು ತಿಳಿದಂತೆ ಹೇಳುವವನೂ ಆದವನು ಆಪ್ತನು. ಗ್ಯಾಲಕ್ಸಿಯ ಚಿತ್ರ ನೋಡಿ ಗುಂಡಿ ಒತ್ತುವ ಅಜ್ಞಾತನು ಈ ಎರಡರಲ್ಲಿ ಯಾವುದನ್ನೂ ರುಜುವಾತು ಮಾಡಿ ಬಂದವನಲ್ಲ. ಹಾಗಾದರೆ ಆಪ್ತರೆಂದು ಗೊತ್ತಿಲ್ಲದ ಹಲವರ ಮಾತಿನಿಂದ ಆಪ್ತವಾಕ್ಯದಷ್ಟು ನೆಚ್ಚತಕ್ಕ ಒಂದು ನಿರ್ಣಯವನ್ನು ತೆಗೆಯುವುದು ಹೇಗೆ? ಈ ವಿದ್ಯೆಯ ತಿರುಳೆಲ್ಲ ಇರುವುದು ಇಲ್ಲಿಯೇ.

ಮೊದಲನೆಯ ಉಪಾಯ ಪುನರಾವೃತ್ತಿ. ಅಂದರೆ ಒಂದೇ ಪ್ರಶ್ನೆಯನ್ನು ಹಲವರಿಗೆ ಕೇಳಿ ಬಹುಮತವನ್ನು ಗ್ರಹಿಸುವುದು. ಇದರ ಗಣಿತವನ್ನು ಫ್ರಾನ್ಸಿನ ಕೊಂಡೋರ್ಸೆ 1785ರಲ್ಲಿಯೇ ವಿವರಿಸಿದ್ದನು. ನೂರಕ್ಕೆ 80 ಸಲ ಸರಿಯಾಗಿ ಹೇಳಬಲ್ಲವನೊಬ್ಬನನ್ನು ಕೇಳಿದರೆ ನಮ್ಮ ಭರವಸೆ 80. ಅಂಥವರೇ ಮೂವರನ್ನು ಪ್ರತ್ಯೇಕವಾಗಿ ಕೇಳಿ ಬಹುಮತ ಹಿಡಿದರೆ ಅದು ಸುಮಾರು 90ಕ್ಕೆ ಏರುತ್ತದೆ. ಐವರನ್ನು ಕೇಳಿದರೆ 94ಕ್ಕೆ. ಸಾಧಾರಣರು ಕೆಲವರು ಸೇರಿ ನಿಪುಣನಿಗೆ ಸಮಾನರಾಗುವುದು ಹೀಗೆ. 2008ರಲ್ಲಿ ರಯಾನ್ ಸ್ನೋ ಮತ್ತು ಅವರ ಸಂಗಡಿಗರು ಭಾಷೆಗೆ ಸಂಬಂಧಿಸಿದ ಕೆಲವು ಕೆಲಸಗಳನ್ನು ಪರೀಕ್ಷಿಸಿ, ಸುದ್ದಿಶೀರ್ಷಿಕೆಯೊಂದರಲ್ಲಿ ಇರುವ ಭಾವವನ್ನು ಗುರುತಿಸುವಂಥ ಕೆಲಸದಲ್ಲಿ ಸರಾಸರಿ ನಾಲ್ವರು ಸಾಮಾನ್ಯರ ಉತ್ತರ ಕೂಡಿದರೆ ಒಬ್ಬ ತಜ್ಞನ ಉತ್ತರಕ್ಕೆ ಸಮವಾಗುತ್ತದೆಂದು ಕಂಡರು. ಆದರೆ ಇದೇ ಗಣಿತಕ್ಕೆ ಒಂದು ವಿಪರೀತ ಮುಖವೂ ಉಂಟು. ಪ್ರಶ್ನೆಯು ಎಷ್ಟು ಕಠಿನವೆಂದರೆ ಒಬ್ಬೊಬ್ಬನೂ ನೂರಕ್ಕೆ 40 ಸಲ ಮಾತ್ರ ಸರಿಹೋಗುವನೆಂದಿಟ್ಟುಕೊಳ್ಳಿ. ಆಗ ಮೂವರ ಬಹುಮತ 35ಕ್ಕೆ ಇಳಿಯುತ್ತದೆ, ಐವರದು 32ಕ್ಕೆ. ಸರಿಯ ಕಡೆಗೆ ವಾಲಿದವರನ್ನು ಸಂಖ್ಯೆಯು ಇನ್ನಷ್ಟು ಸರಿಯಾಗಿಸುತ್ತದೆ. ತಪ್ಪಿನ ಕಡೆಗೆ ವಾಲಿದವರನ್ನು ಇನ್ನಷ್ಟು ತಪ್ಪಾಗಿಸುತ್ತದೆ. ಆದಕಾರಣ ಜನ ಎಷ್ಟು ಎಂದು ಎಣಿಸುವ ಮೊದಲು, ಪ್ರಶ್ನೆಯು ಸಾಮಾನ್ಯನ ಅಳವಿಗೆ ನಿಲುಕುವಂಥದೆ ಎಂದು ವಿಚಾರಿಸತಕ್ಕದ್ದು.

ಎರಡನೆಯದು ಸ್ವಾತಂತ್ರ್ಯ. 1906ರಲ್ಲಿ ಪ್ಲಿಮತ್ ಊರಿನ ಪಶುಪ್ರದರ್ಶನದಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಅದನ್ನು ಕೊಯ್ದು ಅಣಿಗೊಳಿಸಿದ ಮೇಲೆ ಎಷ್ಟು ತೂಗೀತೆಂದು ಊಹಿಸುವ ಪಂದ್ಯ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ಪಡೆದು ಓದಬಲ್ಲ 787ನ್ನು ಕ್ರಮವಾಗಿ ಜೋಡಿಸಿ ನೋಡಿದಾಗ ನಟ್ಟನಡುವಿನ ಊಹೆ 1,207 ಪೌಂಡು. ನಿಜವಾದ ತೂಕ 1,198. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ: ಪ್ರತಿಯೊಬ್ಬನೂ ಆರು ಪೆನ್ಸು ತೆತ್ತು, ನೆರೆಯವನ ಚೀಟಿಯನ್ನು ನೋಡದೆ, ಬಹುಮಾನದ ಆಸೆಯಿಂದ ತನ್ನ ಬುದ್ಧಿಯನ್ನೇ ಉಪಯೋಗಿಸಿ ಬರೆದಿದ್ದನು. ಮೊದಲನೆಯವನ ಊಹೆಯನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿದ್ದರೆ ಉಳಿದವರ ಊಹೆಗಳು ಅದರ ಸುತ್ತಲೇ ಸುಳಿದಾಡುತ್ತಿದ್ದುವು. ಚೀಟಿಗಳು 787 ಇದ್ದರೂ ಅಭಿಪ್ರಾಯ ಒಂದೇ ಆಗುತ್ತಿತ್ತು. ಚೆನ್ನಾಗಿ ಯೋಜಿಸಿದ ಕೆಲಸಗಳಲ್ಲಿ ಒಬ್ಬನ ಉತ್ತರ ಇನ್ನೊಬ್ಬನ ಕಣ್ಣಿಗೆ ಬೀಳದಂತೆ ಏರ್ಪಡಿಸುವುದು ಈ ಕಾರಣದಿಂದ.

ಮೂರನೆಯದು ಪರೀಕ್ಷೆ. ಉತ್ತರ ಮೊದಲೇ ತಿಳಿದಿರುವ ಕೆಲವು ಪ್ರಶ್ನೆಗಳನ್ನು ಉಳಿದವುಗಳ ನಡುವೆ ಗುಟ್ಟಾಗಿ ಬೆರೆಸುತ್ತಾರೆ. ಅವುಗಳಲ್ಲಿ ಎಡವಿದವನ ಬೇರೆ ಉತ್ತರಗಳನ್ನು ಸಂಶಯದಿಂದ ನೋಡುತ್ತಾರೆ. ತಿಳಿದ ಉತ್ತರವೇ ಇಲ್ಲದಲ್ಲಿಯೂ ದಾರಿಯುಂಟು. 1979ರಲ್ಲಿ ಡೇವಿಡ್ ಮತ್ತು ಸ್ಕೀನ್ ಎಂಬ ಸಂಖ್ಯಾಶಾಸ್ತ್ರಜ್ಞರಿಬ್ಬರು, ಒಂದೇ ರೋಗಿಯನ್ನು ಹಲವು ವೈದ್ಯರು ನೋಡಿ ಭಿನ್ನ ಅಭಿಪ್ರಾಯ ಕೊಟ್ಟಾಗ ಮಾಡತಕ್ಕದ್ದೇನೆಂದು ಆಲೋಚಿಸಿ ಒಂದು ಕ್ರಮವನ್ನು ರೂಪಿಸಿದರು. ಮೊದಲು ಬಹುಮತವೇ ಸರಿಯೆಂದು ತಾತ್ಕಾಲಿಕವಾಗಿ ಒಪ್ಪಿಕೊಂಡು ಒಬ್ಬೊಬ್ಬನ ತಪ್ಪಿನ ಪ್ರಮಾಣವನ್ನು ಅಂದಾಜು ಮಾಡುವುದು. ಕಡಮೆ ತಪ್ಪು ಮಾಡುವವನ ಮಾತಿಗೆ ಹೆಚ್ಚು ತೂಕ ಕೊಟ್ಟು ನಿರ್ಣಯಗಳನ್ನು ಮತ್ತೆ ಲೆಕ್ಕಹಾಕುವುದು. ಹೊಸ ನಿರ್ಣಯಗಳಿಂದ ಒಬ್ಬೊಬ್ಬನನ್ನೂ ಮತ್ತೆ ಅಳೆಯುವುದು. ಹೀಗೆ ಅಂಕೆಗಳು ನೆಲೆಗೊಳ್ಳುವವರೆಗೂ ತಿರುಗಿಸುವುದು. ಆಪ್ತತ್ವವನ್ನು ಮೊದಲು ಕಂಡುಕೊಂಡು ಆಮೇಲೆ ಮಾತು ಕೇಳುವುದು ನೈಯಾಯಿಕರ ಮಾರ್ಗವಾದರೆ, ಮಾತುಗಳ ಪರಸ್ಪರ ಸಂವಾದದಿಂದಲೇ ಆಪ್ತತ್ವವನ್ನು ಹುಟ್ಟಿಸುವುದು ಈ ಮಾರ್ಗ.

ಇಷ್ಟಾದರೂ ಎಲ್ಲರೂ ಒಂದೇ ದಿಕ್ಕಿಗೆ ತಪ್ಪಿದರೆ ಯಾವ ಲೆಕ್ಕವೂ ಅದನ್ನು ಹಿಡಿಯಲಾರದು. ಗ್ಯಾಲಕ್ಸಿ ಝೂ ಮಂದಿಗೆ ಇಂಥ ಅನುಭವವಾಯಿತು. ಸುರುಳಿಯಾಕಾರದ ಗ್ಯಾಲಕ್ಸಿಗಳಲ್ಲಿ ಪ್ರದಕ್ಷಿಣವಾಗಿ ಸುತ್ತುವುವೂ ಅಪ್ರದಕ್ಷಿಣವಾಗಿ ಸುತ್ತುವುವೂ ಸರಿಸುಮಾರು ಸಮಸಂಖ್ಯೆಯಲ್ಲಿರಬೇಕೆಂಬುದು ಶಾಸ್ತ್ರದ ನಿರೀಕ್ಷೆ. ಜನರ ಉತ್ತರಗಳಲ್ಲಿ ಮಾತ್ರ ಅಪ್ರದಕ್ಷಿಣದವು ಹೆಚ್ಚಾಗಿ ಕಂಡುವು. ವಿಶ್ವರಚನೆಯಲ್ಲಿಯೇ ಏನೋ ಪಕ್ಷಪಾತವಿದೆಯೆಂದು ಘೋಷಿಸಿಬಿಡಬಹುದಾಗಿದ್ದ ಆ ಸಂದರ್ಭದಲ್ಲಿ ವಿಜ್ಞಾನಿಗಳು ತಾಳ್ಮೆ ವಹಿಸಿ, ಅವೇ ಚಿತ್ರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಜನರ ಮುಂದಿಟ್ಟರು. ಪಕ್ಷಪಾತ ಆಕಾಶದಲ್ಲಿದ್ದ ಪಕ್ಷದಲ್ಲಿ ಈಗ ಪ್ರದಕ್ಷಿಣದವು ಹೆಚ್ಚಾಗಬೇಕಾಗಿತ್ತು. ಆದರೆ ತಿರುಗಿಸಿದ ಚಿತ್ರಗಳಲ್ಲಿಯೂ ಅಪ್ರದಕ್ಷಿಣದವೇ ಹೆಚ್ಚಾದುವು. ದೋಷವಿದ್ದದ್ದು ನೋಡುವ ಮನುಷ್ಯನಲ್ಲಿ. ಬೇರೆ ಬೇರೆ ದಿಕ್ಕಿಗೆ ಚೆದರುವ ತಪ್ಪುಗಳನ್ನು ಸಂಖ್ಯೆ ಅಳಿಸುತ್ತದೆ. ಎಲ್ಲರಿಗೂ ಸಾಮಾನ್ಯವಾದ ತಪ್ಪನ್ನು ಅಳಿಸಲು ಸಂಖ್ಯೆಗೆ ಶಕ್ತಿಯಿಲ್ಲ, ಜಾಣತನದ ಪ್ರಯೋಗವೊಂದೇ ಬೇಕು.

ಸಾಕ್ಷ್ಯವೇ ಇಲ್ಲದ ಕಡೆ ಸಾಕ್ಷಿಗಳು ಎಷ್ಟಿದ್ದರೇನು? 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಾಹಸಿ ವಿಮಾನಿ ಸ್ಟೀವ್ ಫಾಸೆಟ್ ನೆವಾಡಾದಿಂದ ಹಾರಿ ಕಣ್ಮರೆಯಾದಾಗ, ಹೊಸದಾಗಿ ತೆಗೆದ ಉಪಗ್ರಹಚಿತ್ರಗಳನ್ನು ತುಂಡುಮಾಡಿ ಮೆಕ್ಯಾನಿಕಲ್ ಟರ್ಕಿನ ಮೂಲಕ ಹಂಚಿ, ಸಹಸ್ರಾರು ಮಂದಿ ವಿಮಾನದ ಅವಶೇಷಕ್ಕಾಗಿ ಹುಡುಕಿದರು. ಸಿಕ್ಕಿತೆಂಬ ಸುಳ್ಳು ಸುಳಿವುಗಳು ರಾಶಿಯಾಗಿ ಬಂದುವು, ವಿಮಾನ ಸಿಗಲಿಲ್ಲ. ಮರುವರ್ಷ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ನಡೆದುಹೋಗುತ್ತಿದ್ದ ಚಾರಣಿಗನೊಬ್ಬನಿಗೆ ಫಾಸೆಟ್ಟರ ಗುರುತಿನ ಚೀಟಿ ಸಿಕ್ಕಿ, ಅದರ ಜಾಡು ಹಿಡಿದಾಗ ಅವಶೇಷ ದೊರೆಯಿತು. ಹುಡುಕಿದವರ ಶ್ರದ್ಧೆಗೆ ಕೊರತೆಯಿರಲಿಲ್ಲ. ಮೇಲಿನಿಂದ ತೆಗೆದ ಮಸುಕು ಚಿತ್ರದಲ್ಲಿ ಕಲ್ಲಿಗೂ ರೆಕ್ಕೆಗೂ ಭೇದ ಹೇಳುವುದು ಅಭ್ಯಾಸವಿಲ್ಲದ ಕಣ್ಣಿನಿಂದಾಗುವ ಕೆಲಸವಾಗಿರಲಿಲ್ಲ.

ಉತ್ತರವೊಂದೇ ಇರಬೇಕೆಂಬ ಹಟವೂ ಕೆಲವೆಡೆ ಅನರ್ಥಕ್ಕೆ ಕಾರಣ. ಇಮೇಜ್‌ನೆಟ್ಟಿನಲ್ಲಿ ಮನುಷ್ಯರ ಚಿತ್ರಗಳಿಗೆ ‘ಅಪರಾಧಿ’, ‘ಸೋತವನು’ ಎಂಬಂಥ ಪಟ್ಟಿಗಳೂ ಅಂಟಿಕೊಂಡಿದ್ದುವು. ಮುಖ ನೋಡಿ ಸೋಲನ್ನು ಓದಲಾಗದೆಂಬುದು ಪ್ರಶ್ನೆ ಕೇಳಿದವರಿಗೆ ಹೊಳೆದಿರಲಿಲ್ಲ. 2019ರಲ್ಲಿ ಅವರೇ ಅಂಥ ಸುಮಾರು 6 ಲಕ್ಷ ಚಿತ್ರಗಳನ್ನು ತೆಗೆದುಹಾಕುವುದಾಗಿ ಪ್ರಕಟಿಸಬೇಕಾಯಿತು. ನಮ್ಮ ಭಾಷೆಯ ವಿಚಾರದಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ‘ನಾ ಹೊಂಟೀನಿ’, ‘ಅವ ಬರಂಗಿಲ್ಲ’ ಎಂಬ ಧಾರವಾಡದ ವಾಕ್ಯಗಳು ಶುದ್ಧವೇ ಅಶುದ್ಧವೇ ಎಂದು ಐವರನ್ನು ಕೇಳಿ, ಆ ಐವರಲ್ಲಿ ನಾಲ್ವರು ಮೈಸೂರಿನ ಕಡೆಯವರಾದರೆ, ಬಹುಮತದ ತೀರ್ಪು ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಅಂಥ ತೀರ್ಪುಗಳಿಂದ ಕಲಿತ ಯಂತ್ರವು ಅರ್ಧ ಕರ್ನಾಟಕದ ಮಾತನ್ನು ತಪ್ಪೆಂದು ತಿಳಿದುಕೊಂಡು ಬೆಳೆಯುತ್ತದೆ. ಇಲ್ಲಿ ಭಿನ್ನಾಭಿಪ್ರಾಯವು ಕಸವಲ್ಲ, ಅದೇ ಸಂಪತ್ತು. ಉತ್ತರ ಹೇಳಿದವರು ಯಾವ ಸೀಮೆಯವರೆಂಬುದನ್ನು ಉತ್ತರದೊಡನೆ ಜೋಡಿಸಿ ಇಡದಿದ್ದರೆ ಆ ಸಂಪತ್ತು ಕೈಜಾರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಆರ್ಟ್‌ಪಾರ್ಕ್ ಮತ್ತು ಗೂಗಲ್ ಸಂಸ್ಥೆಗಳೊಡನೆ 2022ರಲ್ಲಿ ಕೈಗೊಂಡ ‘ವಾಣಿ’ ಯೋಜನೆಯು ಈ ವಿವೇಕವನ್ನು ತೋರಿಸಿದೆ. ಇಂತಿಂಥ ಭಾಷೆಯವರು ಇಷ್ಟಿಷ್ಟು ಮಂದಿ ಬೇಕೆಂದು ಹೊರಡದೆ, ದೇಶದ 773 ಜಿಲ್ಲೆಗಳಿಂದ ಸುಮಾರು 10 ಲಕ್ಷ ಜನರ ಮಾತನ್ನು, ಒಟ್ಟು ಒಂದೂವರೆ ಲಕ್ಷ ಗಂಟೆಗಳಿಗೂ ಮಿಕ್ಕು, ಸಂಗ್ರಹಿಸುವುದು ಅದರ ಗುರಿ. ಬರೆದದ್ದನ್ನು ಓದಿಸುವ ಬದಲು ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿರಿ ಎನ್ನುತ್ತಾರೆ. ಪುಸ್ತಕದ ಕನ್ನಡದ ಬದಲಾಗಿ ಬಾಯಿಯ ಕನ್ನಡ ಬರುತ್ತದೆ.

ಪಕ್ಷಿವೀಕ್ಷಕರು ಇದೇ ವಿವೇಕವನ್ನು ಇನ್ನೊಂದು ರೀತಿಯಲ್ಲಿ ಸಾಧಿಸಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿಶಾಲೆಯವರು 2002ರಲ್ಲಿ ಆರಂಭಿಸಿದ ‘ಇ-ಬರ್ಡ್’ ಎಂಬ ದಾಖಲೆಯಲ್ಲಿ, ನೋಡಿದ ಹೊತ್ತು ಮತ್ತು ಸ್ಥಳದೊಡನೆ, ಗುರುತಿಸಿದ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿರಿ ಎಂದು ಕೇಳುತ್ತಾರೆ. ಅಪರೂಪದ್ದನ್ನು ಮಾತ್ರ ಬರೆಯುವ ಚಪಲ, ಮರ್ರೆಯವರ ಓದುಗರಲ್ಲಿ ಇದ್ದಂಥದೇ, ಹಕ್ಕಿ ನೋಡುವವರಲ್ಲಿಯೂ ಉಂಟು; ಪೂರ್ಣಪಟ್ಟಿಯ ನಿಯಮ ಅದನ್ನು ತಡೆಯುತ್ತದೆ. ಪೂರ್ಣವಾದ ಪಟ್ಟಿಯಲ್ಲಿ ಕಾಗೆ ಇಲ್ಲವೆಂದರೆ ಅಲ್ಲಿ ಕಾಗೆ ಕಾಣಲಿಲ್ಲವೆಂದೇ ಅರ್ಥ, ಬರೆಯಲು ಬೇಸರವಾಯಿತೆಂದಲ್ಲ. ಆ ಋತುವಿಗೋ ಆ ಸೀಮೆಗೋ ಸಲ್ಲದ ಹಕ್ಕಿಯ ಹೆಸರು ಬಂದರೆ ಸ್ಥಳೀಯ ಪರಿಣತರು ತಡೆದು ವಿಚಾರಿಸುತ್ತಾರೆ. ಸುಮಾರು 30,000 ಪಕ್ಷಿವೀಕ್ಷಕರು ಹೀಗೆ ಒದಗಿಸಿದ 3 ಕೋಟಿ ದಾಖಲೆಗಳ ಆಧಾರದ ಮೇಲೆಯೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು 942 ಜಾತಿಗಳ ಸ್ಥಿತಿಯನ್ನು ವಿವೇಚಿಸಲು ಶಕ್ತವಾಯಿತು.

ಇನ್ನು ಕೂಲಿಯ ಮಾತು. ಹಕ್ಕಿ ನೋಡುವವನು ಸಂತೋಷಕ್ಕಾಗಿ ನೋಡುತ್ತಾನೆ, ಅವನಿಗೆ ಫಲವೂ ಕಾಣಸಿಗುತ್ತದೆ. ಮೆಕ್ಯಾನಿಕಲ್ ಟರ್ಕಿನ ಕೆಲಸಗಾರನಿಗೆ ಎರಡೂ ದುರ್ಲಭ. 2,676 ಕೆಲಸಗಾರರು ಮಾಡಿದ 38 ಲಕ್ಷ ಕೆಲಸಗಳ ಲೆಕ್ಕವನ್ನು ತೆಗೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೆಲಸ ಹುಡುಕುವ ಕಾಲವನ್ನೂ ತಿರಸ್ಕೃತವಾದ ಕೆಲಸವನ್ನೂ ಸೇರಿಸಿದರೆ ನಡುಮಟ್ಟದ ಸಂಪಾದನೆ ಗಂಟೆಗೆ ಸುಮಾರು 2 ಡಾಲರ್. ಅಮೆರಿಕದ ಕನಿಷ್ಠ ವೇತನವಾದ ಏಳೂಕಾಲು ಡಾಲರನ್ನು ಮೀರಿ ಗಳಿಸಿದವರು ನೂರಕ್ಕೆ ನಾಲ್ವರು. ಕೆಲಸ ಕೊಟ್ಟವನು ಉತ್ತರವನ್ನು ನಿರಾಕರಿಸಿ ಕೂಲಿ ತಪ್ಪಿಸಬಹುದು, ಉತ್ತರ ಮಾತ್ರ ಅವನ ಬಳಿಯೇ ಉಳಿಯುತ್ತದೆ. ಈ ಅಸಮತೆಯನ್ನು ನೋಡಲಾರದೆ ಲಿಲಿ ಇರಾನಿ ಮತ್ತು ಸಿಕ್ಸ್ ಸಿಲ್ಬರ್‌ಮನ್ ಎಂಬವರು ‘ಟರ್ಕಾಪ್ಟಿಕಾನ್’ ಎಂಬ ಸಾಧನವನ್ನು ನಿರ್ಮಿಸಿ, ಕೆಲಸಗಾರರೇ ಧಣಿಗಳಿಗೆ ಅಂಕ ಕೊಡುವಂತೆ ಮಾಡಿದರು. ನಮ್ಮ ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು, ಗ್ರಾಮೀಣರು ತಮ್ಮ ಫೋನಿನಲ್ಲಿ ಕನ್ನಡದ ವಾಕ್ಯಗಳನ್ನು ಓದಿ ಧ್ವನಿ ಮುದ್ರಿಸುವಂಥ ಕೆಲಸಕ್ಕೆ ಗಂಟೆಗೆ ಸುಮಾರು 5 ಡಾಲರಿನಂತೆ ಕೊಟ್ಟು, ಆ ಧ್ವನಿ ಮತ್ತೊಮ್ಮೆ ಮಾರಾಟವಾದರೆ ಅದರಲ್ಲಿಯೂ ಪಾಲು ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ನಮ್ಮ ಹಳ್ಳಿಗಳಲ್ಲಿ ನಾಟಿಗೂ ಕೊಯ್ಲಿಗೂ ಮುಯ್ಯಾಳು ಕರೆಯುವ ರೂಢಿಯುಂಟಷ್ಟೆ. ಬಂದವರಿಗೆ ಊಟವಿಕ್ಕಿ, ಅವರ ಹೊಲದ ಸರದಿ ಬಂದಾಗ ತಾನೂ ಹೋಗಿ ದುಡಿಯದಿದ್ದವನಿಗೆ ಮರುವರ್ಷ ಆಳು ದೊರೆಯುವುದಿಲ್ಲ. ಪರದೆಯಾಚೆಯ ಸಂತೆಯಲ್ಲಿ ಮುಯ್ಯಿ ತೀರಿಸೆಂದು ಕೇಳುವ ಊರಿಲ್ಲ. ಆದುದರಿಂದ ಆ ಧರ್ಮವನ್ನು ಕರೆದವನೇ ನೆನಪಿಟ್ಟುಕೊಳ್ಳಬೇಕಾಗಿದೆ.

ಧರ್ಮದ ಮಾತು ಹಾಗಿರಲಿ, ಕಡಮೆ ಕೂಲಿಯಿಂದ ಜ್ಞಾನಕ್ಕೇ ಹಾನಿಯುಂಟು. ಒಂದು ಉತ್ತರಕ್ಕೆ ಕೆಲವು ಪೈಸೆಗಳು ಮಾತ್ರ ಸಿಗುವುದಾದರೆ, ಆಲೋಚಿಸುವವನು ನಷ್ಟಪಡುತ್ತಾನೆ, ಆಲೋಚಿಸದೆ ಒತ್ತುವವನು ಲಾಭಪಡೆಯುತ್ತಾನೆ. ಈಚೆಗೆ ಈ ರೋಗಕ್ಕೆ ಹೊಸ ರೂಪ ಬಂದಿದೆ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಸಂಶೋಧಕರು 2023ರಲ್ಲಿ ಮೆಕ್ಯಾನಿಕಲ್ ಟರ್ಕಿನ ಕೆಲಸಗಾರರ ಸಣ್ಣದೊಂದು ಗುಂಪಿಗೆ ಬರಹಗಳನ್ನು ಸಂಕ್ಷೇಪಿಸುವ ಕೆಲಸ ಕೊಟ್ಟು ಪರಿಶೀಲಿಸಿದಾಗ, ನೂರಕ್ಕೆ 33ರಿಂದ 46 ಮಂದಿ ಕೃತಕ ಬುದ್ಧಿಮತ್ತೆಯಿಂದಲೇ ಬರೆಯಿಸಿದ್ದಂತೆ ಅಂದಾಜಾಯಿತು. ಯಂತ್ರಕ್ಕೆ ಮನುಷ್ಯನಿಂದ ಕಲಿಸಲು ಹೊರಟ ಕಡೆಯಲ್ಲಿ ಮನುಷ್ಯನ ಹೆಸರಿನಿಂದ ಯಂತ್ರವೇ ಉತ್ತರ ಹೇಳತೊಡಗಿದರೆ, ಐವರನ್ನು ಕೇಳಿದೆವೆಂಬ ಭ್ರಮೆಯಲ್ಲಿ ಒಬ್ಬನನ್ನೇ ಐದು ಸಲ ಕೇಳಿದಂತಾಗುತ್ತದೆ. ಮೇಲೆ ಹೇಳಿದ ಸ್ವಾತಂತ್ರ್ಯದ ನಿಯಮ ಮುರಿದುಬೀಳುವುದು ಇಲ್ಲಿ, ಕಣ್ಣಿಗೆ ಕಾಣದಂತೆ.

ಹಾಗಾದರೆ ಒಂದು ಕಾಲೇಜಿನ ಕನ್ನಡ ವಿಭಾಗವೋ, ಒಂದು ತಾಲ್ಲೂಕಿನ ಇತಿಹಾಸಪ್ರಿಯರ ಕೂಟವೋ ಹಳೆಯ ಮುದ್ರಿತ ಪುಸ್ತಕಗಳನ್ನು ಅಕ್ಷರರೂಪಕ್ಕೆ ಇಳಿಸಲು ಜನರ ಸಹಾಯ ಬೇಡುವುದಾದರೆ ಏನು ಮಾಡತಕ್ಕದ್ದು? ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಸ್ತಕದ ಪುಟದ ಚಿತ್ರವೊಂದು ಕಡೆ, ಅದರ ಪಠ್ಯ ಇನ್ನೊಂದು ಕಡೆ ಇರುತ್ತದೆ. ಯಾರೂ ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ ಪುಟಕ್ಕೆ ಹಳದಿ, ಎರಡನೆಯವರು ಮತ್ತೆ ನೋಡಿ ಒಪ್ಪಿದ ಪುಟಕ್ಕೆ ಹಸಿರು ಗುರುತು. ತಾನು ತಿದ್ದಿದ ಪುಟಕ್ಕೆ ತಾನೇ ಹಸಿರು ಕೊಡಲು ಯಾರಿಗೂ ಅಧಿಕಾರವಿಲ್ಲ. ಇಷ್ಟು ಸರಳವಾದ ಕಟ್ಟಳೆಯಲ್ಲಿ ಈ ವಿದ್ಯೆಯ ಸಾರವೆಲ್ಲ ಅಡಗಿದೆ. ಅದಕ್ಕೆ ಕೂಡಿಸತಕ್ಕ ಮಾತುಗಳು ಕೆಲವೇ. ಜನರಿಗೆ ಕೊಡುವ ಮೊದಲು ಕೇಳುವವನು ತಾನೇ ಒಂದು ನೂರು ತುಣುಕುಗಳನ್ನು ಮಾಡಿ ನೋಡಬೇಕು. ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಸಂಶಯ ಹುಟ್ಟುತ್ತದೆ ಎಂಬುದು ಆಗ ತಿಳಿಯುತ್ತದೆ, ಕೂಲಿಯ ಲೆಕ್ಕವೂ ಆ ಹೊತ್ತಿನ ಮೇಲೆ ನಿಲ್ಲುತ್ತದೆ. ‘ತಿಳಿಯದು’ ಎಂಬ ಉತ್ತರಕ್ಕೂ ಒಂದು ಗುಂಡಿ ಇರಬೇಕು. ಅದಿಲ್ಲದಿದ್ದರೆ ಪ್ರಾಮಾಣಿಕನೂ ಊಹೆಯನ್ನೇ ಜ್ಞಾನವೆಂದು ಒಪ್ಪಿಸಬೇಕಾಗುತ್ತದೆ. ಬಹುಮತವನ್ನಷ್ಟೇ ಉಳಿಸಿಕೊಳ್ಳದೆ ಬಂದ ಉತ್ತರಗಳನ್ನೆಲ್ಲ ಬಂದಂತೆಯೇ ಕಾಪಾಡಬೇಕು. ಇಂದು ತಪ್ಪೆಂದು ತೋರಿದ್ದು ನಾಳೆ ಒಂದು ಸೀಮೆಯ ನುಡಿಯೆಂದು ತಿಳಿದುಬಂದೀತು. ದುಡಿದವರಿಗೆ ಕೆಲಸದ ಉದ್ದೇಶವನ್ನು ಮೊದಲೇ ಹೇಳಬೇಕು, ಫಲವನ್ನು ಕೊನೆಗೆ ತೋರಿಸಬೇಕು. ಡಚ್ ಶಾಲೆಯ ಉಪಾಧ್ಯಾಯಿನಿ ಹ್ಯಾನಿ ಫಾನ್ ಆರ್ಕೆಲ್ 2007ರಲ್ಲಿ ಗ್ಯಾಲಕ್ಸಿ ಝೂವಿನ ಚಿತ್ರ ನೋಡುತ್ತಿದ್ದಾಗ ಗ್ಯಾಲಕ್ಸಿಯೊಂದರ ಪಕ್ಕದಲ್ಲಿ ಯಾವ ವರ್ಗಕ್ಕೂ ಸೇರದ ಒಂದು ಬಣ್ಣದ ಮಚ್ಚೆಯನ್ನು ಕಂಡು ಇದೇನೆಂದು ವಿಚಾರಿಸಿದಳು. ಕೊಟ್ಟ ಗುಂಡಿಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಖಗೋಳಶಾಸ್ತ್ರಕ್ಕೆ ಹೊಸತಾದ ವಸ್ತುವೊಂದು ಅವಳ ಹೆಸರಿನಿಂದಲೇ ಪ್ರಸಿದ್ಧವಾದದ್ದು, ಅವಳಿಗೆ ಪ್ರಶ್ನೆ ಕೇಳಲು ಅವಕಾಶವಿತ್ತೆಂಬ ಕಾರಣದಿಂದ, ಮತ್ತು ಕೇಳಿದಾಗ ಕಿವಿಗೊಡುವ ವಿಜ್ಞಾನಿಗಳು ಅಲ್ಲಿ ಇದ್ದರೆಂಬ ಕಾರಣದಿಂದ. ಅಪರಿಚಿತರ ಸಾಕ್ಷ್ಯವನ್ನು ನೆಚ್ಚಿ ಕೆಲಸಕ್ಕೆ ಇಳಿಯುವವರು ಉತ್ತರಗಳನ್ನು ಬರಮಾಡಿಕೊಳ್ಳುವ ಏರ್ಪಾಟಿನಷ್ಟೇ ಎಚ್ಚರಿಕೆಯಿಂದ, ಅವರ ಪ್ರಶ್ನೆಗಳನ್ನು ಬರಮಾಡಿಕೊಳ್ಳುವ ಏರ್ಪಾಟನ್ನೂ ಮಾಡಿಕೊಂಡಿರತಕ್ಕದ್ದು.